ಅಪಾರ್ಟ್‌ಮೆಂಟ್ ತಾರಸಿಗೆ ಸೋಲಾರ್: ಹಾಕುವವರನ್ನು ಸಂಘ ಹೇಗೆ ಆರಿಸಬೇಕು?

ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಒಂದು ಸೋಲಾರ್ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಎರಡು ತಿಂಗಳು ಕೆಂಪು ದೀಪ ಉರಿಸಿಕೊಂಡು ಸುಮ್ಮನೆ ನಿಂತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮೊಬೈಲ್ ಆಪ್‌ನ ಲಾಗಿನ್ ಇದ್ದದ್ದು ಹಿಂದಿನ ಕಾರ್ಯದರ್ಶಿಯ ಫೋನಿನಲ್ಲಿ. ಅವರು ಮನೆ ಮಾರಿ ಮೈಸೂರಿಗೆ ಹೋಗಿದ್ದರು. ಕಾಮನ್ ಮೀಟರಿನ ಬಿಲ್ ಏರಿದಾಗಲೇ ನಾವು ಮೇಲೆ ಹತ್ತಿ ನೋಡಿದ್ದು. ಸೋಲಾರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿರಲಿಲ್ಲ.

ಕೊನೆಗೆ ಬೇರೆ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಸಿಡಿಲಿನಿಂದ ಕಾಪಾಡುವ ಒಂದು ಸಣ್ಣ ಬಿಡಿಭಾಗ ಸುಟ್ಟಿತ್ತು, ಅಷ್ಟೇ. ಪ್ಯಾನೆಲ್‌ಗಳು ಚೆನ್ನಾಗಿದ್ದವು. ಇನ್ವರ್ಟರೂ ಒಳ್ಳೆ ಕಂಪನಿಯದ್ದೇ. ನಾವು ತಪ್ಪಿದ್ದು ಹಾಕುವವರನ್ನು ಆರಿಸುವುದರಲ್ಲಿ.

ಸ್ವಂತ ಮನೆಯವರಿಗೂ ಸಂಘಕ್ಕೂ ಇರುವ ವ್ಯತ್ಯಾಸ ಇದೇ. ಮನೆಯ ಯಜಮಾನರಿಗೆ ಯಾರು ಹಾಕಿದರು, ಏನು ಮಾತಾಯಿತು ಎಲ್ಲ ನೆನಪಿರುತ್ತದೆ. ಸಂಘದ ಕಮಿಟಿ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಪ್ಯಾನೆಲ್ ಮಾತ್ರ 25 ವರ್ಷ ತಾರಸಿಯ ಮೇಲಿರುತ್ತದೆ. ಹಾಗಾಗಿ ಸಂಘ ಹುಡುಕಬೇಕಾದದ್ದು ಕಡಿಮೆ ರೇಟಿನವರನ್ನಲ್ಲ, ಮುಂದಿನ ಕಮಿಟಿಯವರು ಫೋನ್ ಮಾಡಿದಾಗಲೂ ಬರುವವರನ್ನು. ಜೊತೆಗೆ ಬಾಯಿಮಾತಿನಲ್ಲಿ ಆದದ್ದೆಲ್ಲ ಕಾಗದಕ್ಕೆ ಇಳಿಯಬೇಕು. ಎರಡನೇ ಹಂತದ ಸೋಲಾರ್ ಹಾಕಿಸುವಾಗ ನಾವು ಹೀಗೇ ಮಾಡಿದೆವು. ಅದನ್ನೇ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನ ಲೆಕ್ಕದಲ್ಲಿ ಬರೆದಿದ್ದರೂ ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ವ್ಯಾಪ್ತಿಯವರಿಗೂ ದಾರಿ ಹೆಚ್ಚುಕಮ್ಮಿ ಇದೇ.

1. ಯಾರನ್ನೂ ಕರೆಯುವ ಮುಂಚೆ ನಿಮ್ಮ ಬಿಲ್ ಓದಿ

ಕಾಮನ್ ಏರಿಯಾದ ಆರ್‌ಆರ್ ನಂಬರಿನ ಹಿಂದಿನ 12 ತಿಂಗಳ ಬಿಲ್ ಒಟ್ಟುಮಾಡಿ. ಲಿಫ್ಟ್, ಸಂಪ್ ಪಂಪು, ಬೋರ್‌ವೆಲ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಮೆಟ್ಟಿಲ ದೀಪ ಎಲ್ಲ ಸೇರಿ ತಿಂಗಳಿಗೆ ಎಷ್ಟು ಯೂನಿಟ್ ಎಂದು ಬರೆದಿಡಿ. ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಎಷ್ಟು ಅನ್ನುವುದನ್ನೂ ಗುರುತು ಮಾಡಿಕೊಳ್ಳಿ.

ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ‘ನಮಗೇಕೆ ಸೋಲಾರ್’ ಎಂದು ಸಭೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಕಾಮನ್ ಮೀಟರಿನ ಬಿಲ್ ತೋರಿಸಿ. ಅದನ್ನು ಸಂಘವೇ ಕಟ್ಟಬೇಕು. ಅಂದರೆ ಎಲ್ಲರ ಮೆಂಟೆನೆನ್ಸ್ ಹಣದಿಂದಲೇ ಹೋಗುತ್ತದೆ.

ಲೆಕ್ಕ ಸುಲಭ. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಜಾಸ್ತಿ, ಜುಲೈ-ಆಗಸ್ಟ್‌ನಲ್ಲಿ ಕಡಿಮೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಇಳಿತ ಇನ್ನೂ ಜೋರು. ಕಾಮನ್ ಏರಿಯಾಕ್ಕೆ ತಿಂಗಳಿಗೆ 3,600 ಯೂನಿಟ್ ಬೇಕಿದ್ದರೆ 30 ಕಿಲೋವ್ಯಾಟ್ ಸಾಕು. ಅದಕ್ಕೆ ನೆರಳಿಲ್ಲದ ಸುಮಾರು 3,000 ಚದರ ಅಡಿ ಜಾಗ ಬೇಕು. ಕಿಲೋವ್ಯಾಟಿಗೆ 100 ಚದರ ಅಡಿ ಎಂದು ಇಟ್ಟುಕೊಳ್ಳಿ.

‘ಇನ್ನೂ 20 ಕಿಲೋವ್ಯಾಟ್ ಜಾಸ್ತಿ ಹಾಕಿ ಸಾರ್, ಮಿಕ್ಕಿದ್ದನ್ನು ಬೆಸ್ಕಾಂಗೆ ಮಾರಬಹುದು’ ಎನ್ನುವವರು ಬರುತ್ತಾರೆ. ಇಲ್ಲಿ ಹುಷಾರಾಗಿರಿ. 2013ರಲ್ಲಿ ವಿದ್ಯುತ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ತಾರಸಿ ಸೋಲಾರಿಗೆ ಯೂನಿಟ್‌ಗೆ 9.56 ರೂಪಾಯಿ ದರ ಕೊಟ್ಟಿತ್ತು. ಆಗ ಆ ಮಾತಿನಲ್ಲಿ ಅರ್ಥವಿತ್ತು. ಆಮೇಲೆ ಪ್ಯಾನೆಲ್ ಅಗ್ಗವಾಯಿತು, ಹೊಸದಾಗಿ ಹಾಕುವವರಿಗೆ ದರವೂ ಇಳಿಯಿತು. ಈಗ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನೀವು ಬಿಲ್ಲಿನಲ್ಲಿ ಕಟ್ಟುವ ದರಕ್ಕಿಂತ ಕಡಿಮೆ. ನಿಮ್ಮ ಬಳಕೆಗೆ ತಕ್ಕಷ್ಟು ಹಾಕಿಸಿಕೊಂಡರೆ ಸಾಕು.

2. ತಾರಸಿ ಯಾರದ್ದು?

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಆದರೆ ಎಷ್ಟೋ ಕಡೆ ಬಿಲ್ಡರ್ ತಾರಸಿಯ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿರುತ್ತಾರೆ. ಇಲ್ಲವೇ ಮೇಲಿನ ಮಹಡಿಯ ಮನೆಗೆ ಅದರ ಒಂದು ಭಾಗವನ್ನು ಬರೆದುಕೊಟ್ಟಿರುತ್ತಾರೆ. ಕ್ರಯಪತ್ರ, ಸಂಘದ ಬೈಲಾ ಎರಡನ್ನೂ ಓದಿ. ಜನರಲ್ ಬಾಡಿಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬ್ಯಾಂಕ್, ಎಸ್ಕಾಂ (ಬೆಸ್ಕಾಂ, ಮೆಸ್ಕಾಂನಂಥ ವಿದ್ಯುತ್ ಕಂಪನಿ), ಸಬ್ಸಿಡಿ ಅರ್ಜಿ ಎಲ್ಲ ಕಡೆಯೂ ಆ ಠರಾವಿನ ಪ್ರತಿ ಕೆಲಸಕ್ಕೆ ಬರುತ್ತದೆ.

ಮೇಲಿನ ಮಹಡಿಯವರನ್ನು ಮೊದಲೇ ಕೂರಿಸಿ ಮಾತಾಡಿ. ಅವರ ಭಯ ಒಂದೇ: ಸೋರಿಕೆ. ಅದು ನ್ಯಾಯವಾದ ಭಯ. ತಾರಸಿಯ ವಾಟರ್‌ಪ್ರೂಫಿಂಗ್ ಹಳೆಯದಾಗಿದ್ದರೆ ಮೊದಲು ಅದನ್ನು ಮಾಡಿಸಿ. ಪ್ಯಾನೆಲ್ ಕೂತ ಮೇಲೆ ಆ ಕೆಲಸ ಮಾಡಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚಿ ಮತ್ತೆ ಕೂರಿಸುವ ಖರ್ಚು ನಿಮ್ಮದೇ.

3. ಸಬ್ಸಿಡಿ ನಿಯಮ ನೀವೇ ತಿಳಿದುಕೊಳ್ಳಿ

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. 2026-27ರ ಹಣಕಾಸು ವರ್ಷದವರೆಗೆ ಅದಕ್ಕೆ ಅವಧಿ ಇದೆ. ಒಂಟಿ ಮನೆಗೆ ಸಿಗುವ ಸಬ್ಸಿಡಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ. 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೂ ಒಟ್ಟು 78,000ಕ್ಕೆ ನಿಲ್ಲುತ್ತದೆ. ವಸತಿ ಸಂಘಗಳ ಲೆಕ್ಕ ಬೇರೆ. ಕಾಮನ್ ಸೌಲಭ್ಯಕ್ಕೆ ಹಾಕುವ ಸೋಲಾರಿಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಮನೆಗೆ 3 ಕಿಲೋವ್ಯಾಟಿನ ಲೆಕ್ಕದಲ್ಲಿ, ಹೆಚ್ಚೆಂದರೆ 500 ಕಿಲೋವ್ಯಾಟ್‌ವರೆಗೆ ಸಿಗುತ್ತದೆ. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್ ಕೂಡ ಇದರಲ್ಲಿ ಸೇರುತ್ತದೆ. 30 ಕಿಲೋವ್ಯಾಟಿಗೆ 5,40,000 ರೂಪಾಯಿ ಆಯಿತು.

ನಮ್ಮ ಬಳಿ ಬಂದ ಒಬ್ಬರು ‘ನಿಮ್ಮಲ್ಲಿ 72 ಮನೆ ಇದೆ, ಪ್ರತಿ ಮನೆಗೂ 78,000’ ಎಂದು ಗುಣಿಸಿ ತೋರಿಸಿದರು. ಕಾಮನ್ ಮೀಟರಿಗೆ ಹಾಗೆ ಸಿಗುವುದಿಲ್ಲ. ಅಷ್ಟು ಸರಳ ನಿಯಮವನ್ನೇ ತಪ್ಪು ಹೇಳುವವರ ಉಳಿದ ಮಾತನ್ನು ನಂಬುವುದು ಹೇಗೆ? ಅವರ ಹೆಸರನ್ನು ಅಲ್ಲೇ ಕೈಬಿಟ್ಟೆವು.

ಇನ್ನು ಮೂರು ಸಂಗತಿ ನೆನಪಿಡಿ. ಸಬ್ಸಿಡಿ ಬೇಕಿದ್ದರೆ ಹಾಕುವವರು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಪ್ಯಾನೆಲ್ ಡಿಸಿಆರ್ ಆಗಿರಬೇಕು. ಅಂದರೆ ಪ್ಯಾನೆಲ್ ಮಾತ್ರವಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಪ್ಯಾನೆಲ್‌ಗೆ ಬೆಲೆ ಸ್ವಲ್ಪ ಜಾಸ್ತಿ. ಅದಕ್ಕೇ ಕೊಟೇಶನ್‌ನಲ್ಲಿ ಒಂದು, ತಾರಸಿಯಲ್ಲಿ ಇನ್ನೊಂದು ಆಗದಂತೆ ನೋಡಿಕೊಳ್ಳಬೇಕು. ಮೂರನೆಯದು, ಹಾಕಿದವರೇ 5 ವರ್ಷ ನಿರ್ವಹಣೆ ಮಾಡಿಕೊಡಬೇಕು ಎಂಬುದು ಯೋಜನೆಯದ್ದೇ ಷರತ್ತು. ‘ಐದು ವರ್ಷ ಫ್ರೀ ಸರ್ವಿಸ್’ ಎಂದು ಯಾರಾದರೂ ದೊಡ್ಡ ಉಡುಗೊರೆಯಂತೆ ಹೇಳಿದರೆ, ಅದು ನಿಮಗೆ ಹೇಗೂ ಸಿಗಬೇಕಾದದ್ದೇ.

ದೇವಸ್ಥಾನದ ಟ್ರಸ್ಟ್, ಶಾಲೆ, ಹಾಲಿನ ಸಂಘದವರು ಓದುತ್ತಿದ್ದರೆ ಒಂದು ಮಾತು. ಈ ಸಬ್ಸಿಡಿ ವಸತಿ ಕಟ್ಟಡಗಳಿಗೆ ಮಾತ್ರ. ಈ ಹಂತ ಬಿಟ್ಟರೆ ಉಳಿದದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಕೈಯಲ್ಲಿ ಹಣವಿಲ್ಲದ ಸಂಘಕ್ಕೆ ರೆಸ್ಕೋ ಎಂಬ ಇನ್ನೊಂದು ದಾರಿ ಇದೆ. ಕಂಪನಿಯೇ ಬಂಡವಾಳ ಹಾಕುತ್ತದೆ, ನೀವು ಯೂನಿಟ್ ಲೆಕ್ಕದಲ್ಲಿ ಹಣ ಕೊಡುತ್ತೀರಿ. ಒಪ್ಪಂದ 15ರಿಂದ 25 ವರ್ಷದ್ದು. ಪ್ರತಿವರ್ಷ ದರ ಏರುವ ಷರತ್ತು ಇದೆಯಾ, ಮಧ್ಯದಲ್ಲಿ ಬಿಡಬೇಕೆಂದರೆ ಎಷ್ಟು ಕಟ್ಟಬೇಕು, ಈ ಎರಡನ್ನು ವಕೀಲರ ಕೈಯಲ್ಲಿ ಓದಿಸದೆ ಸಹಿ ಹಾಕಬೇಡಿ. ಸ್ವಂತ ಹಣ ಅಥವಾ ಸಾಲ ಹೊಂದಿಸಲು ಆಗುವುದಾದರೆ ಸ್ವಂತವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

4. ಆರು ಹೆಸರು ಬರೆದುಕೊಳ್ಳಿ, ಮೂವರನ್ನು ತಾರಸಿಗೆ ಕರೆಯಿರಿ

ಪೋರ್ಟಲ್‌ನಲ್ಲಿ ಜಿಲ್ಲಾವಾರು ಹೆಸರು ಸಿಗುತ್ತವೆ. ಆದರೆ ಅಲ್ಲಿ ಹೆಸರಿದೆ ಎಂದರೆ ನೋಂದಣಿ ಆಗಿದೆ ಎಂದಷ್ಟೇ ಅರ್ಥ. ಕೆಲಸ ಚೆನ್ನಾಗಿ ಮಾಡುತ್ತಾರೆ ಎಂದಲ್ಲ. ಅಕ್ಕಪಕ್ಕದ ಬಡಾವಣೆಯ ಸಂಘಗಳನ್ನು ಕೇಳಿ. ನಿಮ್ಮ ಊರಿನಲ್ಲೇ ಅಥವಾ ಹತ್ತಿರದಲ್ಲೇ ಕಚೇರಿ ಇರುವವರಿಗೆ ಮೊದಲ ಆದ್ಯತೆ ಕೊಡಿ. ಜಿಎಸ್‌ಟಿ ನಂಬರ್, ಎಲೆಕ್ಟ್ರಿಕಲ್ ಗುತ್ತಿಗೆದಾರರ ಲೈಸೆನ್ಸ್, ಎಷ್ಟು ವರ್ಷದಿಂದ ಇದೇ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದಾರೆ, ಇಷ್ಟನ್ನು ಫೋನಿನಲ್ಲೇ ಕೇಳಿ ಮೂವರಿಗೆ ಇಳಿಸಿ.

ಆಮೇಲೆ ತಾರಸಿಗೆ ಬರಲು ಹೇಳಿ. ಆ ದಿನ ನೀವೂ ಮೇಲೆ ಹೋಗಿ, ಅವರ ಜೊತೆಯಲ್ಲೇ ಇರಿ. ನನ್ನ ಪ್ರಕಾರ ಇಡೀ ಆಯ್ಕೆಯಲ್ಲಿ ಅತಿ ಮುಖ್ಯವಾದ ಒಂದು ಗಂಟೆ ಅದು.

ನಮ್ಮಲ್ಲಿಗೆ ಬಂದ ಒಬ್ಬರು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಹತ್ತು ನಿಮಿಷಕ್ಕೆ ಇಳಿದರು. ಇನ್ನೊಬ್ಬರು ಟೇಪ್ ಹಿಡಿದು ಅಳೆದರು. ನೀರಿನ ಟ್ಯಾಂಕಿನ ಎತ್ತರ, ಲಿಫ್ಟ್ ರೂಮಿನ ಎತ್ತರ ಬರೆದುಕೊಂಡರು. ‘ಪಕ್ಕದ ಖಾಲಿ ಸೈಟಿನಲ್ಲಿ ಎಷ್ಟು ಮಹಡಿ ಬರುತ್ತೆ, ಗೊತ್ತಾ ಮೇಡಂ?’ ಎಂದು ಕೇಳಿದರು. ಆ ಪ್ರಶ್ನೆ ನಮಗೇ ಹೊಳೆದಿರಲಿಲ್ಲ.

ನೆರಳಿನ ವಿಷಯದಲ್ಲಿ ಅವರು ಎಷ್ಟು ತಲೆಕೆಡಿಸಿಕೊಳ್ಳುತ್ತಾರೆ ನೋಡಿ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆ ಇಳಿಸಬಹುದು. ಡಿಸೆಂಬರ್‌ನಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ದಕ್ಷಿಣದ ಗೋಡೆ, ಟ್ಯಾಂಕು, ತೆಂಗಿನ ಮರದ ನೆರಳು ಉದ್ದವಾಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅದೇ ಸೂರ್ಯ ಮಧ್ಯಾಹ್ನ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ, ವರ್ಷವಿಡೀ ನೆರಳು ಎಲ್ಲಿ ಬೀಳುತ್ತದೆ ಎಂಬ ವರದಿಯನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿ ಕೊಡಲು ಹೇಳಿ. ಒಳ್ಳೆಯವರು ಕೇಳುವ ಮುಂಚೆಯೇ ಕೊಡುತ್ತಾರೆ.

ಇನ್ನೊಂದು ಪರೀಕ್ಷೆ: ಅವರು ಜನರೇಟರ್ ಬಗ್ಗೆ ಕೇಳುತ್ತಾರಾ? ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ಎಸ್ಕಾಂ ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲವಾದರೆ ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಜೀವಕ್ಕೆ ಅಪಾಯ. ಆದರೆ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದ ಕೆಲವೇ ಸೆಕೆಂಡಿಗೆ ಜನರೇಟರ್ ಶುರುವಾಗುತ್ತದೆ ಅಲ್ವಾ? ಸೋಲಾರ್ ಇನ್ವರ್ಟರ್ ಅದನ್ನೇ ಗ್ರಿಡ್ ಎಂದುಕೊಂಡು ಮತ್ತೆ ಓಡುತ್ತದೆ. ಆಗ ಬಳಕೆ ಕಡಿಮೆ ಇದ್ದರೆ ಸೋಲಾರ್ ಕರೆಂಟ್ ಜನರೇಟರಿಗೆ ಹಿಮ್ಮುಖವಾಗಿ ನುಗ್ಗಿ ಅದನ್ನು ಹಾಳು ಮಾಡಬಹುದು. ಇದನ್ನು ತಡೆಯಲು ಕಂಟ್ರೋಲರ್ ಇದೆ. ಅದು ಬೇಡವೆಂದರೆ ಜನರೇಟರ್ ಓಡುವಾಗ ಸೋಲಾರನ್ನು ಪೂರ್ತಿ ಬೇರ್ಪಡಿಸುವ ಏರ್ಪಾಡು ಮಾಡಬಹುದು. ಈ ಮಾತೇ ಎತ್ತದೆ ಕೊಟೇಶನ್ ಕೊಡುವವರು ಅಪಾರ್ಟ್‌ಮೆಂಟ್ ಕೆಲಸ ಹೆಚ್ಚು ಮಾಡಿಲ್ಲ ಎಂದೇ ತಿಳಿಯಿರಿ.

5. ಮೂವರಿಗೂ ಒಂದೇ ಪಟ್ಟಿ ಕೊಡಿ

ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಿ ಕೊಟೇಶನ್ ತರಿಸಿದರೆ ಹೋಲಿಸಲು ಆಗುವುದೇ ಇಲ್ಲ. ಒಂದು ಪುಟದಲ್ಲಿ ನಿಮಗೇನು ಬೇಕೆಂದು ಬರೆದು ಮೂವರಿಗೂ ಅದನ್ನೇ ಕಳಿಸಿ. ನಮ್ಮ ಪುಟದಲ್ಲಿ ಇದ್ದದ್ದು ಹೀಗೆ:

- ಪ್ಯಾನೆಲ್ ಕಂಪನಿ, ಮಾಡೆಲ್, ಒಂದರ ವ್ಯಾಟ್, ಒಟ್ಟು ಎಷ್ಟು ಪ್ಯಾನೆಲ್. ಡಿಸಿಆರ್ ಎಂದು ಸ್ಪಷ್ಟವಾಗಿ ಬರೆದಿರಬೇಕು.
- ಇನ್ವರ್ಟರ್ ಕಂಪನಿ, ಮಾಡೆಲ್, ವಾರಂಟಿ ಎಷ್ಟು ವರ್ಷ. ಸರ್ವಿಸ್ ಸೆಂಟರ್ ನಮ್ಮ ಊರಿನಲ್ಲಿದೆಯಾ.
- ಸ್ಟ್ರಕ್ಚರ್ (ಪ್ಯಾನೆಲ್ ಕೂರಿಸುವ ಲೋಹದ ಚೌಕಟ್ಟು) ಯಾವ ಲೋಹದ್ದು, ಸತು ಲೇಪನ ಎಷ್ಟು ಮೈಕ್ರಾನ್, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದಾ.
- ಡಿಸಿಗೆ (ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ಕರೆಂಟ್), ಎಸಿಗೆ (ಇನ್ವರ್ಟರ್‌ನಿಂದ ಮುಂದಿನದು), ಸಿಡಿಲು ತಡೆಗೆ ಬೇರೆ ಬೇರೆ ಅರ್ಥಿಂಗ್.
- ಪ್ಯಾನೆಲ್ ಸಾಲುಗಳ ನಡುವೆ ನಡೆಯುವ ದಾರಿ, ತೊಳೆಯಲು ನೀರಿನ ಪೈಪು.
- ಎಸ್ಕಾಂ ಅರ್ಜಿ, ಬೈಡೈರೆಕ್ಷನಲ್ ಮೀಟರ್ (ಬಂದ ಯೂನಿಟ್, ಹೊರಹೋದ ಯೂನಿಟ್ ಎರಡನ್ನೂ ಎಣಿಸುವ ಮೀಟರ್), ಬೇಕಾದರೆ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ, ಸಬ್ಸಿಡಿ ಅರ್ಜಿ: ಇವನ್ನು ಯಾರು ಮಾಡಿಸುತ್ತಾರೆ, ಶುಲ್ಕ ಯಾರದು.
- ವರ್ಷಕ್ಕೆ ಕನಿಷ್ಠ ಎಷ್ಟು ಯೂನಿಟ್ ಬರುತ್ತದೆ ಎಂದು ಖಾತರಿ ಕೊಡುತ್ತಾರೆ.

ಸ್ಟ್ರಕ್ಚರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಕಡಿಮೆ ರೇಟಿನವರು ಉಳಿಸುವುದೇ ಅಲ್ಲಿ. ಬಟ್ಟೆ ಒಣಹಾಕಲು, ಓಡಾಡಲು ಜಾಗ ಬೇಕೆಂದು ಈಗ ಎಲ್ಲರೂ ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್ ಕೇಳುತ್ತಾರೆ. ಎತ್ತರ ಏರಿದಷ್ಟೂ ಗಾಳಿಯ ಹೊಡೆತ ಜಾಸ್ತಿ. ಗಾಳಿ ಲೆಕ್ಕಕ್ಕೆ ಐಎಸ್ 875ರ 3ನೇ ಭಾಗ ಎಂಬ ಮಾನದಂಡ ಇದೆ. ಅದರಲ್ಲಿ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39. ಗಂಟೆಯ ಲೆಕ್ಕದಲ್ಲಿ ಸುಮಾರು 119 ಮತ್ತು 140 ಕಿಲೋಮೀಟರ್. ಏಪ್ರಿಲ್-ಮೇ ತಿಂಗಳ ಮಳೆಗಾಳಿ ನೋಡಿದವರಿಗೆ ಇದು ಬರೀ ಕಾಗದದ ಮೇಲಿನ ಅಂಕಿಯಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಹಾಕಿದ ಡ್ರಾಯಿಂಗ್ ಇಲ್ಲದೆ ಕೆಲಸ ಶುರು ಮಾಡಲು ಬಿಡಬೇಡಿ. ಕಾಲುಗಳನ್ನು ಸ್ಲ್ಯಾಬ್ ಕೊರೆದು ಕೂರಿಸುತ್ತಾರಾ, ಕಾಂಕ್ರೀಟ್ ದಿಮ್ಮಿಯ ಮೇಲೆ ನಿಲ್ಲಿಸುತ್ತಾರಾ ಎಂದೂ ಕೇಳಿ. ಕೊರೆಯುವುದಾದರೆ ಆ ಜಾಗದಲ್ಲಿ ಸೋರಿದರೆ ಅವರೇ ಹೊಣೆ ಎಂದು ಬರೆಸಿಕೊಳ್ಳಿ.

6. ಕೊಟೇಶನ್ ಓದುವ ರೀತಿ

ಕೊನೆಯ ಸಾಲಿನ ಮೊತ್ತವನ್ನು ಮೊದಲು ನೋಡಬೇಡಿ. ಪ್ಯಾನೆಲ್ ಸಂಖ್ಯೆಯನ್ನು ವ್ಯಾಟಿನಿಂದ ಗುಣಿಸಿ. 550 ವ್ಯಾಟಿನ 54 ಪ್ಯಾನೆಲ್ ಎಂದರೆ 29.7 ಕಿಲೋವ್ಯಾಟ್. ಇದು 30ಕ್ಕೆ ಹತ್ತಿರ, ಸರಿ. ಆದರೆ ‘30 ಕಿಲೋವ್ಯಾಟ್ ಸಿಸ್ಟಮ್’ ಎಂದು ಬರೆದು, ಇನ್ವರ್ಟರ್ ಮಾತ್ರ 30 ಇಟ್ಟು, ಪ್ಯಾನೆಲ್ 48 ಕೊಟ್ಟರೆ ನಿಮಗೆ ಸಿಗುವುದು 26.4. ಕರೆಂಟ್ ಹುಟ್ಟುವುದು ಪ್ಯಾನೆಲ್‌ನಲ್ಲಿ. ಬೆಲೆಯನ್ನು ಪ್ಯಾನೆಲ್‌ನ ಕಿಲೋವ್ಯಾಟಿನಿಂದ ಭಾಗಿಸಿಯೇ ಹೋಲಿಸಿ.

ತೆರಿಗೆ ಸೇರಿದೆಯಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸಾಮಾನು, ಕೆಲಸ ಎರಡೂ ಸೇರಿದ ಗುತ್ತಿಗೆಯಲ್ಲಿ ಶೇ 70 ಭಾಗವನ್ನು ಸಾಮಾನು, ಶೇ 30 ಭಾಗವನ್ನು ಸೇವೆ ಎಂದು ಎಣಿಸುತ್ತಾರೆ. ಸೇವೆಗೆ ಶೇ 18. ಒಟ್ಟು ಲೆಕ್ಕ ಹಾಕಿದರೆ ಶೇ 8.9 ಆಗುತ್ತದೆ. ಹಳೆಯ ಶೇ 13.8 ಹಾಕಿ ಕಳಿಸಿದ್ದರೆ ವಾಪಸ್ ಕಳಿಸಿ ಸರಿಮಾಡಿಸಿ.

ಸಬ್ಸಿಡಿ ಕಳೆದ ಮೊತ್ತವನ್ನು ದಪ್ಪ ಅಕ್ಷರದಲ್ಲಿ ಹಾಕುವುದು ಇನ್ನೊಂದು ಅಭ್ಯಾಸ. ಸಬ್ಸಿಡಿ ಬರುವುದು ಕೆಲಸ ಮುಗಿದು, ತಪಾಸಣೆ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. ಸಂಘದ ಖಾತೆಯಲ್ಲಿ ಎಷ್ಟಿದೆ ಎಂದು ಖಜಾಂಚಿಯವರನ್ನು ಕೂರಿಸಿಕೊಂಡೇ ಈ ಲೆಕ್ಕ ಮಾಡಿ.

ವಾರಂಟಿಯಲ್ಲಿ ಎರಡು ಬಗೆ ಇದೆ. ಪ್ಯಾನೆಲ್‌ಗೆ 25 ವರ್ಷ ಎಂದು ಹೇಳುವುದು ಉತ್ಪಾದನೆಯ ವಾರಂಟಿ. ಅಷ್ಟು ವರ್ಷದ ನಂತರವೂ ಇಷ್ಟು ಶೇಕಡಾ ಕರೆಂಟ್ ಕೊಡುತ್ತದೆ ಎಂಬ ಮಾತು ಅದು. ಪ್ಯಾನೆಲ್ ತಯಾರಿಕೆಯ ದೋಷಕ್ಕೆ ಸಾಮಾನ್ಯವಾಗಿ 10-12 ವರ್ಷ. ಇನ್ವರ್ಟರಿಗೆ 5ರಿಂದ 10. ಹಾಕಿದ ಕೆಲಸಕ್ಕೆ ಎಷ್ಟು ವರ್ಷ ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ತೊಂದರೆ ಬರುವುದು ಮಾತ್ರ ಹೆಚ್ಚಾಗಿ ಕೇಬಲ್ಲು, ಕನೆಕ್ಟರು, ಬೋಲ್ಟಿನಲ್ಲೇ. ಕೆಲಸಕ್ಕೂ ಕನಿಷ್ಠ 5 ವರ್ಷ ಬರೆಸಿ.

7. ಅವರ ಹೊಸ ಕೆಲಸ ಬೇಡ, ಮೂರು ವರ್ಷ ಹಳೆಯದನ್ನು ತೋರಿಸಲು ಹೇಳಿ

ಹೋದ ತಿಂಗಳು ಹಾಕಿದ ಸೋಲಾರ್ ಎಲ್ಲರದ್ದೂ ಮಿರಮಿರ ಮಿಂಚುತ್ತದೆ. ಮೂರು ಮಳೆಗಾಲ ಕಂಡದ್ದನ್ನು ನೋಡಬೇಕು. ಅಂಥ ಎರಡು ಜಾಗದ ವಿಳಾಸ ಕೇಳಿ. ಆದಷ್ಟು ಅವರನ್ನು ಬಿಟ್ಟು ನೀವೇ ಹೋಗಿ.

ತಾರಸಿ ಹತ್ತಿದ ಮೇಲೆ ಬೋಲ್ಟುಗಳಲ್ಲಿ ತುಕ್ಕು ಇದೆಯಾ ನೋಡಿ. ಸ್ಟ್ರಕ್ಚರ್ ವೆಲ್ಡ್ ಮಾಡಿದ ಜಾಗದಲ್ಲಿ ಕೆಂಪಗಾಗಿದೆಯಾ ನೋಡಿ. ಪ್ಯಾನೆಲ್ ಕೆಳಗೆ ಬಗ್ಗಿ ನೋಡಿದರೆ ಕೇಬಲ್ ಜೋತಾಡುತ್ತಿದೆಯಾ, ಪೈಪಿನೊಳಗೆ ಅಚ್ಚುಕಟ್ಟಾಗಿ ಹೋಗಿದೆಯಾ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗಿ ಕೇಬಲ್ ತಾರಸಿಗೆ ಬಿದ್ದಿದ್ದರೆ ಅದು ಕೆಟ್ಟ ಗುರುತು. ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದು ನೋಡಿ. ಸುತ್ತಮುತ್ತ ಪಾರಿವಾಳದ ಹಿಕ್ಕೆ ಇದ್ದರೆ ಯಾರು ತೊಳೆಯುತ್ತಾರೆ, ಎಷ್ಟು ದಿನಕ್ಕೊಮ್ಮೆ ಎಂದು ವಿಚಾರಿಸಿ.

ಅಲ್ಲಿನ ಕಾರ್ಯದರ್ಶಿಯ ಜೊತೆ ಮಾತಾಡಿ, ಆದರೆ ಪ್ಲಂಬರ್, ಎಲೆಕ್ಟ್ರಿಷಿಯನ್, ಸೆಕ್ಯುರಿಟಿಯವರನ್ನು ಬಿಡಬೇಡಿ. ‘ಸೋಲಾರ್‌ನವರು ಕಡೇ ಸಲ ಯಾವಾಗ ಬಂದಿದ್ರು ಅಣ್ಣಾ?’ ಎಂದು ನಾವು ಒಂದು ಕಡೆ ಕೇಳಿದಾಗ ಸೆಕ್ಯುರಿಟಿಯವರು ಗೇಟಿನ ರಿಜಿಸ್ಟರನ್ನೇ ತೆಗೆದು ತೋರಿಸಿದರು. ಮೂರು ತಿಂಗಳಿಗೊಮ್ಮೆ ತಪ್ಪದೆ ಸಹಿ ಇತ್ತು. ನಾವು ಆ ಕಂಪನಿಯನ್ನೇ ಆರಿಸಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗಲಿಲ್ಲ. ಅವರ ರೇಟು ಮೂವರಲ್ಲಿ ನಡುವಿನದ್ದಾಗಿತ್ತು.

ಆ ಸಂಘದವರು ಕೊಟ್ಟರೆ ಹಿಂದಿನ ವರ್ಷದ ಉತ್ಪಾದನೆಯ ಅಂಕಿಯನ್ನೂ ಬರೆದುಕೊಳ್ಳಿ. ವರ್ಷಕ್ಕೆ ಕಿಲೋವ್ಯಾಟಿಗೆ 1,400 ಯೂನಿಟ್ ಆಸುಪಾಸಿನಲ್ಲಿದ್ದರೆ ಕೆಲಸ ಚೆನ್ನಾಗಿದೆ.

8. ಒಪ್ಪಂದದಲ್ಲಿ ಬಿಡಬಾರದ ಮಾತುಗಳು

ಹಣವನ್ನು ಕಂತಿನಲ್ಲಿ ಕೊಡಿ. ನಾವು ಮುಂಗಡ ಶೇ 20, ಸಾಮಾನು ತಾರಸಿಗೆ ಬಂದಾಗ 40, ಕೂರಿಸಿ ಮುಗಿದಾಗ 20, ಬೈಡೈರೆಕ್ಷನಲ್ ಮೀಟರ್ ಬಿದ್ದು ಚಾಲೂ ಆದಾಗ 10 ಎಂದು ಮಾಡಿಕೊಂಡೆವು. ಉಳಿದ 10 ಒಂದು ವರ್ಷದ ನಂತರ. ಈ ಕೊನೆಯ ಶೇ 10ಕ್ಕೆ ತುಂಬಾ ಜನ ಒಪ್ಪುವುದಿಲ್ಲ. ಬದಲಿಗೆ ಬ್ಯಾಂಕ್ ಗ್ಯಾರಂಟಿ ಕೊಡುತ್ತೇವೆ ಎಂದರೆ ಅದೂ ಆಗಬಹುದು. ಎರಡಕ್ಕೂ ಒಪ್ಪದವರ ಜೊತೆ ಮುಂದುವರಿಯುವ ಮುಂಚೆ ಯೋಚಿಸಿ. ಮುಂಗಡವೇ ಶೇ 70-80 ಕೇಳಿದರಂತೂ ಬೇಡವೇ ಬೇಡ.

ಉತ್ಪಾದನೆ ಖಾತರಿಗಿಂತ ಕಡಿಮೆ ಬಂದರೆ, ಕಡಿಮೆಯಾದ ಪ್ರತಿ ಯೂನಿಟ್‌ಗೂ ನಮ್ಮ ಬಿಲ್ಲಿನ ದರದಂತೆ ಹಣ ಕೊಡಬೇಕು ಎಂದು ಬರೆಸಿ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಜನ ಬರಬೇಕು, ಎಷ್ಟು ದಿನದೊಳಗೆ ಸರಿಯಾಗಬೇಕು ಅನ್ನುವುದೂ ಇರಲಿ. ನಾವು 48 ಗಂಟೆ ಮತ್ತು 7 ದಿನ ಎಂದು ಹಾಕಿದೆವು. ಕೆಲಸ ಮಾಡುವ ಹುಡುಗರಿಗೆ ಬೆಲ್ಟು, ಹೆಲ್ಮೆಟ್ಟು, ವಿಮೆ ಕಂಪನಿಯೇ ಕೊಡಬೇಕು. ಇದನ್ನು ಬರೀ ಕಾನೂನಿನ ಕಾರಣಕ್ಕೆ ಹೇಳುತ್ತಿಲ್ಲ. ನಾಲ್ಕನೇ ಮಹಡಿಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತು ಪ್ಯಾನೆಲ್ ಎತ್ತುತ್ತಿದ್ದ ಹುಡುಗನನ್ನು ಮೊದಲ ಸಲ ನಾವು ನೋಡಿಯೂ ಸುಮ್ಮನಿದ್ದೆವು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಇನ್ನು ಲಾಗಿನ್. ಇನ್ವರ್ಟರ್ ಆಪ್‌ನ ಮುಖ್ಯ ಖಾತೆ ಸಂಘದ ಇಮೇಲ್‌ನಲ್ಲಿ ತೆರೆಯಬೇಕು. ಕಂಪನಿಯವರದ್ದೂ ಬೇಡ, ಕಾರ್ಯದರ್ಶಿಯ ಸ್ವಂತ ನಂಬರೂ ಬೇಡ. ಪಾಸ್‌ವರ್ಡ್ ಬರೆದ ಲಕೋಟೆ ಸಂಘದ ಬೀರುವಿನಲ್ಲಿರಲಿ. ಕಮಿಟಿ ಬದಲಾದಾಗ ಬೀರುವಿನ ಕೀಲಿ ಜೊತೆ ಅದೂ ಹಸ್ತಾಂತರವಾಗುತ್ತದೆ.

9. ಸಾಮಾನು ಬಂದ ದಿನ, ಚಾಲೂ ಆದ ದಿನ

ಪ್ಯಾನೆಲ್ ಇಳಿಸಿದ ಕೂಡಲೇ ಹಿಂಬದಿಯ ಸೀರಿಯಲ್ ನಂಬರುಗಳ ಫೋಟೋ ತೆಗೆಯಿರಿ, ಪ್ರತಿಯೊಂದರದ್ದೂ. ಡಿಸಿಆರ್ ಹೌದಾ ಎಂದು ಸೀರಿಯಲ್ ನಂಬರ್ ಹಾಕಿ ನೋಡುವ ಸರ್ಕಾರಿ ಪೋರ್ಟಲ್ ಇದೆ. ಫ್ಯಾಕ್ಟರಿಯಲ್ಲಿ ಪ್ರತಿ ಪ್ಯಾನೆಲ್‌ಗೂ ಮಾಡಿದ ಫ್ಲ್ಯಾಶ್ ಟೆಸ್ಟ್ (ಅದು ನಿಜಕ್ಕೂ ಎಷ್ಟು ವ್ಯಾಟ್ ಕೊಡುತ್ತದೆ ಎಂಬ ಪರೀಕ್ಷೆ) ವರದಿ ಕೇಳಿ ಪಡೆಯಿರಿ. ಪೆಟ್ಟಿಗೆಯ ಮೇಲೆ ಯಾರೂ ನಿಲ್ಲದಂತೆ, ಪ್ಯಾನೆಲ್ ಮೇಲೆ ನಡೆಯದಂತೆ ನೋಡಿಕೊಳ್ಳಿ. ಕಣ್ಣಿಗೆ ಕಾಣದ ಸೀಳು ಒಳಗೆ ಬಿಟ್ಟರೆ ಅದು ಎರಡು ಮೂರು ವರ್ಷದ ನಂತರ ಉತ್ಪಾದನೆಯಲ್ಲಿ ಗೊತ್ತಾಗುತ್ತದೆ.

ಚಾಲೂ ಆದ ದಿನ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ತೆಗೆದುಕೊಳ್ಳಿ: ವೈರಿಂಗ್ ಡ್ರಾಯಿಂಗ್, ಸ್ಟ್ರಕ್ಚರ್ ಡ್ರಾಯಿಂಗ್, ಅರ್ಥಿಂಗ್ ಅಳತೆ, ಸೀರಿಯಲ್ ಪಟ್ಟಿ, ವಾರಂಟಿ ಪತ್ರ, ಎಸ್ಕಾಂ ಒಪ್ಪಂದ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಮೇನ್ ಸ್ವಿಚ್ ಆಫ್ ಮಾಡುವುದು ಹೇಗೆಂದು ಕಂಪನಿಯವರಿಂದಲೇ ಕಲಿಸಿ. ಬೆಂಕಿ ಬಿದ್ದರೆ ಮೊದಲು ಬೇಕಾಗುವುದು ಅದೇ. ಕಟ್ಟಡದ ವಿಮೆಗೆ ಸೋಲಾರನ್ನೂ ಸೇರಿಸಲು ವಿಮೆಯವರಿಗೆ ಪತ್ರ ಬರೆಯಿರಿ.

ತೊಳೆಯುವುದು ಬೆಳಗ್ಗೆ, ಪ್ಯಾನೆಲ್ ಬಿಸಿಯಾಗುವ ಮುಂಚೆ. ಬೆಂಗಳೂರಿನ ಬೋರ್‌ವೆಲ್ ಗಡಸು ನೀರು ಗಾಜಿನ ಮೇಲೆ ಬಿಳಿ ಪೊರೆ ಬಿಡುತ್ತದೆ. ಕಾವೇರಿ ನೀರು ಅಥವಾ ಕೂಡಿಟ್ಟ ಮಳೆನೀರು ಒಳ್ಳೆಯದು.

ಪ್ರತಿ ತಿಂಗಳ 1ನೇ ತಾರೀಕು ಆಪ್‌ನಲ್ಲಿ ಕಾಣುವ ಯೂನಿಟ್ ಅನ್ನು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ನಮ್ಮಲ್ಲಿ ಈಗ ಆ ಕೆಲಸ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರದ್ದು. ಅಂಕಿ ಕಡಿಮೆ ಕಂಡರೆ ಸಂಜೆಯೊಳಗೆ ಹತ್ತು ಜನ ಕೇಳುತ್ತಾರೆ. ಇಂಥ 12 ಅಂಕಿ ಸೇರಿದ ಮೇಲೆ ಖಾತರಿಯ ಯೂನಿಟ್ ಜೊತೆ ಇಟ್ಟು ನೋಡಿ, ಆಮೇಲಷ್ಟೇ ತಡೆಹಿಡಿದ ಶೇ 10ರ ಚೆಕ್ಕಿಗೆ ಸಹಿ ಹಾಕಿ.